ಐದನೆಯ ಜಾರ್ಜನ ಬೆಳ್ಳಿ ರೂಪಾಯಿ: ಎದೆಯ ಮೇಲಿನ ಆನೆಗೆ ಎಷ್ಟು ಕೊಡಬಹುದು?

ದೀಪಾವಳಿ ಹತ್ತಿರವಾಗುತ್ತಿದ್ದಂತೆ ಮಂಗಳೂರಿನ ರಥಬೀದಿಯ ಆಸುಪಾಸಿನ ಬೆಳ್ಳಿ ಅಂಗಡಿಗಳಲ್ಲಿ ಹಳೆಯ ರೂಪಾಯಿ ನಾಣ್ಯಗಳನ್ನು ಕೇಳಿಕೊಂಡು ಬರುವವರ ಸಂಖ್ಯೆ ಹೆಚ್ಚುತ್ತದೆ. ಲಕ್ಷ್ಮೀಪೂಜೆಯ ತಟ್ಟೆಯಲ್ಲಿ ಇಡಲು, ಮಗುವಿನ ನಾಮಕರಣಕ್ಕೆ ಉಡುಗೊರೆ ಕೊಡಲು, ಇಲ್ಲವೇ ಮನೆಯಲ್ಲಿ ಶುದ್ಧ ಬೆಳ್ಳಿ ಒಂದಿಷ್ಟು ಇರಲಿ ಎಂದು ಕೊಳ್ಳುವವರೇ ಇವರಲ್ಲಿ ಹೆಚ್ಚು. ಅದರ ಮೇಲೆ ಏನು ಕೆತ್ತಲಾಗಿದೆ ಎಂದು ನೋಡಿ ಆರಿಸುವವರು ವಿರಳ. ಈ ವಿಮರ್ಶೆಯನ್ನು ಬರೆಯುತ್ತಿರುವುದು ಆ ವಿರಳ ಗಿರಾಕಿಗಾಗಿ. ನಾನು ಕೊಂಡದ್ದು ಬ್ರಿಟಿಷ್ ಅರಸ ಐದನೆಯ ಜಾರ್ಜನ ಹೆಸರಿನ, 1912ರಲ್ಲಿ ಮುಂಬಯಿ ಟಂಕಸಾಲೆಯಲ್ಲಿ ಅಚ್ಚಾದ ಒಂದು ರೂಪಾಯಿ. ಅಭಿಪ್ರಾಯವನ್ನು ಮೊದಲೇ ಹೇಳಿಬಿಡುವುದಾದರೆ, ಶಿಲ್ಪದ ದೃಷ್ಟಿಯಿಂದ ಇದು ಬ್ರಿಟಿಷರು ಈ ದೇಶಕ್ಕಾಗಿ ಮಾಡಿಸಿದ ಅತ್ಯಂತ ನುರಿತ ಕೆಲಸಗಳಲ್ಲಿ ಒಂದು, ಆದರೆ ಕೈಯಿಂದ ಕೈಗೆ ಸಾಗಬೇಕಾದ ನಾಣ್ಯದ ದೃಷ್ಟಿಯಿಂದ ಅತಿಯಾಗಿ ತುಂಬಿಸಿದ ಕೆಲಸ. ಆ ತುಂಬುವಿಕೆಯೇ ಅದರ ಮೊದಲ ವರ್ಷದ, ಅಂದರೆ 1911ರ, ಅಚ್ಚನ್ನು ಸೋಲಿಸಿತು. ನಾಣ್ಯದಲ್ಲಿ ಅರಸನ ಎದೆಯ ಮೇಲಿನ ಹಾರದ ಪುಟ್ಟ ಆನೆ ಸ್ಪಷ್ಟವಾಗಿ ಉಳಿದಿರುವ ಪ್ರತಿ ಸಿಕ್ಕರೆ ಬೆಳ್ಳಿಯ ಬೆಲೆಯ ಮೇಲೆ ಇನ್ನಷ್ಟು ಕೊಟ್ಟು ಕೊಳ್ಳಬಹುದು. ಆನೆ ಸವೆದು ಹೋಗಿದ್ದರೆ ಬೆಳ್ಳಿಯ ಬೆಲೆಯನ್ನು ಮೀರಬೇಕಾದ ಅಗತ್ಯವಿಲ್ಲ.

ಅಂಗಡಿ ರಥಬೀದಿಯಿಂದ ಒಳಗೆ ಹೋಗುವ ಒಂದು ಓಣಿಯಲ್ಲಿದೆ. ಮುಂದಿನ ಗಾಜಿನ ಕಪಾಟಿನಲ್ಲಿ ದೀಪ, ಹರಿವಾಣ, ಕುಂಕುಮದ ಭರಣಿ ಮೊದಲಾದ ಪೂಜಾ ಸಾಮಗ್ರಿ, ಹಿಂದಿನ ಮರದ ಸೆಳೆಖಾನೆಯಲ್ಲಿ ನಾಣ್ಯಗಳು. ಹೆಸರು ಬರೆಯದಿರಲು ಕಾರಣವಿದೆ: ಮುಂದೆ ಹೇಳಲಿರುವ ಆಕ್ಷೇಪಗಳು ಈ ಬಗೆಯ ವ್ಯಾಪಾರಕ್ಕೇ ಸಾಮಾನ್ಯವಾದವು, ಒಬ್ಬರ ಮೇಲೆ ಹೊರಿಸುವಂಥವಲ್ಲ. ಅಂಗಡಿಯವರ ಸೌಜನ್ಯದ ಬಗ್ಗೆ ದೂರಿಲ್ಲ. ಕೇಳಿದ ತಕ್ಷಣ ಭೂತಗನ್ನಡಿ ಕೊಟ್ಟರು, ಎರಡು ದಶಮಾಂಶದವರೆಗೆ ತೋರಿಸುವ ತಕ್ಕಡಿಯಲ್ಲಿ ನನ್ನ ಎದುರಿಗೇ ತೂಗಿದರು, ತಟ್ಟೆಯಲ್ಲಿದ್ದ ಎಲ್ಲ ನಾಣ್ಯಗಳನ್ನೂ ಒಂದೊಂದಾಗಿ ತಿರುವಿ ನೋಡಲು ಬಿಟ್ಟರು. ಆದರೆ ಬೆಲೆ ಕಟ್ಟುವ ಕ್ರಮದಲ್ಲಿ ಒಂದು ವಿಚಿತ್ರವಿದೆ: ತೂಕಕ್ಕೂ ಇಸವಿಗೂ ಅವರು ಬೆಲೆ ಕಟ್ಟುತ್ತಾರೆ, ಚಿತ್ರದ ಉಳಿವಿಗೆ ಕಟ್ಟುವುದಿಲ್ಲ. ಹಾಗಾಗಿ ಮುಖವೇ ಕಾಣದಷ್ಟು ಸವೆದ 1912ರ ನಾಣ್ಯಕ್ಕೂ ಕಿರೀಟದ ಮುತ್ತುಗಳನ್ನು ಎಣಿಸಬಹುದಾದ 1912ರ ನಾಣ್ಯಕ್ಕೂ ಒಂದೇ ದರ. ಕಣ್ಣಿಟ್ಟು ನೋಡುವ ಗಿರಾಕಿಗೆ ಇದು ಲಾಭದ ಸಂಗತಿಯೇ ಸರಿ, ಮತ್ತು ಈ ಅಂಗಡಿಗೆ ಹೋಗಬೇಕೆಂದು ನಾನು ಶಿಫಾರಸು ಮಾಡುವುದಕ್ಕೆ ಅದೇ ಮುಖ್ಯ ಕಾರಣ.

ಆಕ್ಷೇಪವೆಂದರೆ ತೊಳೆಯುವ ಅಭ್ಯಾಸ. ಬೆಳ್ಳಿ ಹೊಳೆಯಬೇಕು ಎಂಬ ಪೂಜಾ ಸಾಮಗ್ರಿಯ ನಿಯಮವನ್ನು ನಾಣ್ಯಕ್ಕೂ ಅನ್ವಯಿಸಿ, ಹುಣಸೆಹುಳಿಯಲ್ಲೋ ಅಂಟುವಾಳದ ನೀರಿನಲ್ಲೋ ಅದ್ದಿ ಬಟ್ಟೆಯಿಂದ ಉಜ್ಜಿ ಇಟ್ಟಿರುತ್ತಾರೆ. ಹೊಳಪು ಬರುತ್ತದೆ, ಜೊತೆಗೆ ಮೇಲ್ಮೈಯಲ್ಲೆಲ್ಲ ಕೂದಲೆಳೆಯ ಗೀರುಗಳೂ ಬರುತ್ತವೆ. ನೂರು ವರ್ಷಗಳಲ್ಲಿ ತಾನಾಗಿ ಕಟ್ಟಿಕೊಂಡ ಬೂದು ಬಣ್ಣ ಉಬ್ಬಿನ ತಗ್ಗುಗಳಲ್ಲಿ ನೆರಳಿನಂತೆ ನಿಂತು ಚಿತ್ರವನ್ನು ಎತ್ತಿ ತೋರಿಸುತ್ತದೆ. ಉಜ್ಜಿದ ನಾಣ್ಯದಲ್ಲಿ ಆ ನೆರಳೇ ಇಲ್ಲವಾಗಿ ಮುಖ ಚಪ್ಪಟೆಯಾಗಿ ಕಾಣುತ್ತದೆ. ತಟ್ಟೆಯ ತಳದಲ್ಲಿ, ಯಾರೂ ಉಜ್ಜದೆ ಬಿಟ್ಟ ಕಪ್ಪಗಿನ ಒಂದು ನಾಣ್ಯವನ್ನು ನಾನು ಆರಿಸಿಕೊಂಡೆ. ಅಂಗಡಿಯವರು ತೊಳೆದು ಕೊಡುತ್ತೇವೆ ಎಂದರು. ಬೇಡವೆಂದೆ.

ಈಗ ವಸ್ತುವಿನ ವಿಚಾರ. ಈ ರೂಪಾಯಿಯ ಅಧಿಕೃತ ತೂಕ 180 ಗ್ರೇನ್, ಅಂದರೆ 11.66 ಗ್ರಾಂ, ಸರಿಯಾಗಿ ಒಂದು ತೊಲ. ಹನ್ನೆರಡರಲ್ಲಿ ಹನ್ನೊಂದು ಪಾಲು ಶುದ್ಧ ಬೆಳ್ಳಿ, ಉಳಿದದ್ದು ಬೆರಕೆ; ಹೀಗಾಗಿ ಶುದ್ಧ ಬೆಳ್ಳಿ 165 ಗ್ರೇನ್, ಸುಮಾರು 10.69 ಗ್ರಾಂ. ಮದ್ರಾಸ್ ಪ್ರಾಂತ್ಯವು ವರಾಹ, ಹಣ ಎಂಬ ಹಳೆಯ ನಾಣ್ಯಗಳ ಲೆಕ್ಕವನ್ನು ಕೈಬಿಟ್ಟು ಈ ತೂಕದ ರೂಪಾಯಿಯನ್ನು ಒಪ್ಪಿಕೊಂಡದ್ದು 1818ರಲ್ಲಿ, ಈಸ್ಟ್ ಇಂಡಿಯಾ ಕಂಪನಿಯ ಇಡೀ ಆಳ್ವಿಕೆಗೆ ಅದೇ ಏಕರೂಪದ ನಾಣ್ಯವಾದದ್ದು 1835ರಲ್ಲಿ. ಮದ್ರಾಸಿಗೆ ಸೇರಿದ್ದ ದಕ್ಷಿಣ ಕನ್ನಡದಲ್ಲಿ ಗೇಣಿಯನ್ನು ಅಕ್ಕಿಮುಡಿಯಲ್ಲಿ ಅಳೆಯುತ್ತಿದ್ದರೂ ಸರಕಾರದ ತೀರ್ವೆಯನ್ನು ಬೆಳ್ಳಿಯಲ್ಲೇ ಎಣಿಸಬೇಕಾಗಿತ್ತು, ಆದ್ದರಿಂದ ಈ ನಾಣ್ಯ ಗುತ್ತಿನ ಮನೆಯಿಂದ ಬಂದರಿನ ಮಂಡಿಯವರೆಗೆ ಎಲ್ಲ ಕಡೆ ತಲುಪಿತು. ಅಕ್ಕಸಾಲಿಗರು ಇದನ್ನೇ ತೂಕದ ಬಟ್ಟಾಗಿ ಬಳಸಿದರು. 80 ರೂಪಾಯಿ ತೂಗಿದರೆ ಒಂದು ಸೇರು. ಕೊಳ್ಳುವಾಗ ಮಾಡಬೇಕಾದ ಮೊದಲ ಪರೀಕ್ಷೆಯೂ ಇದೇ ತೂಕದ್ದು. ಸಾಧಾರಣ ಸವೆತವಿದ್ದ ನಾಣ್ಯ 11.5 ಗ್ರಾಮಿನ ಆಸುಪಾಸಿನಲ್ಲಿ ನಿಲ್ಲುತ್ತದೆ. ಹತ್ತೂವರೆಯೆಂದು ತೋರಿಸಿದರೆ ಅದನ್ನು ಬಿಟ್ಟು ಬರಬಹುದು. ಅಯಸ್ಕಾಂತಕ್ಕೆ ಅಂಟಬಾರದು, ಅಂಚಿನ ಗೀರುಗಳು ಸಮನಾಗಿರಬೇಕು. ಆ ದಿನದ ಒಂದು ಗ್ರಾಂ ಬೆಳ್ಳಿಯ ದರವನ್ನು 10.69ರಿಂದ ಗುಣಿಸಿದರೆ ಬರುವುದು ತಳದ ಬೆಲೆ. ನಾನು ಕೊಟ್ಟದ್ದು ಅದರ ಸುಮಾರು ಒಂದೂವರೆ ಪಟ್ಟು, ಆ ಪ್ರತಿಗೆ ಅದು ನ್ಯಾಯವಾದ ಬೆಲೆ ಎಂದೇ ನನ್ನ ಎಣಿಕೆ.

ಮುಂಬದಿಯ ಎದೆಚಿತ್ರವನ್ನು ರೂಪಿಸಿದವನು ಬರ್ಟ್ರಮ್ ಮೆಕೆನಾಲ್, 1863ರಲ್ಲಿ ಮೆಲ್ಬರ್ನ್‌ನಲ್ಲಿ ಹುಟ್ಟಿದ ಆಸ್ಟ್ರೇಲಿಯದ ಶಿಲ್ಪಿ. ಚಿತ್ರದ ಕೆಳ ಅಂಚಿನಲ್ಲಿ ಅವನ ಹೆಸರಿನ ಮೊದಲಕ್ಷರಗಳಾದ ಬಿ.ಎಂ. ಭೂತಗನ್ನಡಿಗೆ ಕಾಣುತ್ತವೆ. 1908ರ ಲಂಡನ್ ಒಲಿಂಪಿಕ್ಸ್‌ನ ಪದಕಗಳು ಅವನದೇ ಕೈಕೆಲಸ, ಐದನೆಯ ಜಾರ್ಜನ ಪಟ್ಟಾಭಿಷೇಕದ ಪದಕವೂ ಅವನದೇ. ಈ ಹಿನ್ನೆಲೆ ನಾಣ್ಯದಲ್ಲಿ ಎದ್ದು ಕಾಣುತ್ತದೆ, ಏಕೆಂದರೆ ಪದಕ ಮಾಡುವವನ ಕೈ ಇಲ್ಲಿ ನಾಣ್ಯವನ್ನು ಪದಕದಂತೆಯೇ ಭಾವಿಸಿದೆ. ಅರಸ ಎಡಕ್ಕೆ ಮುಖ ಮಾಡಿದ್ದಾನೆ. ಗಡ್ಡದ ಕೂದಲು, ಕಿರೀಟದ ಕಮಾನು, ಅದರ ಮೇಲಿನ ಮಣಿಗಳು, ನಿಲುವಂಗಿಯ ಕಸೂತಿ, ಅದರ ಮೇಲೆ ಇಳಿದಿರುವ ಪದವಿಯ ಸರಪಳಿ ಎಲ್ಲವೂ 30 ಮಿಲಿಮೀಟರಿಗಿಂತ ಸ್ವಲ್ಪವೇ ಹೆಚ್ಚಿನ ಅಡ್ಡಳತೆಯೊಳಗೆ ಹಿಡಿದಿವೆ. ಸುತ್ತಲೂ ಇಂಗ್ಲಿಷಿನಲ್ಲಿ ಜಾರ್ಜ್ ಫೈವ್, ಕಿಂಗ್ ಎಂಪರರ್ ಎಂಬ ಬರಹ.

ಕಿರೀಟದ ಬಗ್ಗೆ ಒಂದು ಮಾತು. ಇದೇ ಶಿಲ್ಪಿ ಬ್ರಿಟನ್ನಿನೊಳಗಿನ ನಾಣ್ಯಗಳಿಗೆ ಮಾಡಿದ ಜಾರ್ಜನ ತಲೆ ಬರಿದಾಗಿದೆ. ಅಲ್ಲಿನ ಜನರಿಗೆ ತಮ್ಮ ಅರಸ ಯಾರೆಂದು ನೆನಪಿಸುವ ಅಗತ್ಯವಿರಲಿಲ್ಲವೇನೋ. ಸಮುದ್ರದಾಚೆಗೆ ಹೋಗುವ ನಾಣ್ಯಗಳಲ್ಲಿ ಮಾತ್ರ ಕಿರೀಟ, ಅಂಗಿ, ಸರಪಳಿಗಳ ಪೂರ್ತಿ ವೇಷ. ಹಿಂದಿನ ಅರಸ ಏಳನೆಯ ಎಡ್ವರ್ಡ್ 1903ರಿಂದ 1910ರವರೆಗಿನ ನಮ್ಮ ರೂಪಾಯಿಯ ಮೇಲೆ ಕಿರೀಟವಿಲ್ಲದ ಬರಿ ತಲೆಯಲ್ಲೇ ಕಾಣಿಸಿಕೊಂಡಿದ್ದ. ಡಿ ಸೋಲ್ಸ್ ಎಂಬ ಕೆತ್ತನೆಗಾರನ ಆ ತಲೆಯ ಸುತ್ತ ಖಾಲಿ ಜಾಗ ಧಾರಾಳವಾಗಿದೆ, ಬೆಳಕು ಆ ಬಯಲಿನ ಮೇಲೆ ಬಿದ್ದು ಮುಖ ತಾನಾಗಿ ಮೇಲೆದ್ದು ಬರುತ್ತದೆ. ವಿನ್ಯಾಸವೊಂದನ್ನೇ ತೂಗುವುದಾದರೆ ನಾನು ಎಡ್ವರ್ಡನ ರೂಪಾಯಿಗೇ ಹೆಚ್ಚು ಅಂಕ ಕೊಡುತ್ತೇನೆ. ಆದರೆ ಹೇಳಿಕೊಳ್ಳಲು ಅದರಲ್ಲಿ ಕಥೆ ಕಡಿಮೆ, ಜಾರ್ಜನ ಎದೆಯ ಮೇಲೆ ಕಥೆಯೇ ಇದೆ.

ಆ ಸರಪಳಿ 1878ರಲ್ಲಿ ವಿಕ್ಟೋರಿಯಾ ರಾಣಿ ಸ್ಥಾಪಿಸಿದ ಆರ್ಡರ್ ಆಫ್ ದಿ ಇಂಡಿಯನ್ ಎಂಪೈರ್ ಎಂಬ ಪದವಿಗೆ ಸೇರಿದ್ದು. ಆನೆ, ನವಿಲು, ಹೂವುಗಳನ್ನು ಚಿನ್ನದ ಕೊಂಡಿಗಳಲ್ಲಿ ಜೋಡಿಸಿದ ಹಾರ ಅದು, ಭಾರತವನ್ನು ಕುತ್ತಿಗೆಗೆ ಧರಿಸಬಹುದಾದ ಒಡವೆಯಾಗಿ ಮಾಡಿದ ಕಲ್ಪನೆ. ನಾಣ್ಯದ ಮೇಲೆ ಆ ಹಾರದ ಒಂದು ಆನೆ ಅಕ್ಕಿಕಾಳಿನಷ್ಟು ಜಾಗದಲ್ಲಿ ನಿಂತಿದೆ. 1911ರಲ್ಲಿ ಹೊರಬಂದ ಮೊದಲ ಅಚ್ಚಿನಲ್ಲಿ ಆ ಆನೆಯ ಕಿವಿಗೆ ಸ್ಪಷ್ಟವಾದ ಹೊರರೇಖೆ ಇರಲಿಲ್ಲ, ಸೊಂಡಿಲು ಮೊಂಡಾಗಿತ್ತು, ಕಾಲುಗಳು ತೆಳ್ಳಗೆ ಗಿಡ್ಡಗೆ, ಬಾಲವೂ ಚಿಕ್ಕದು. ನೋಡಿದವರಿಗೆ ಅದು ಹಂದಿಯಾಗಿ ಕಂಡಿತು. ಮುಸ್ಲಿಮರು ತೀವ್ರವಾಗಿ ಆಕ್ಷೇಪಿಸಿದರು. ಕೊಬ್ಬು ಸವರಿದ ತೋಟಾಗಳ ಸುದ್ದಿಯಿಂದ 1857ರಲ್ಲಿ ಏನಾಯಿತೆಂಬುದನ್ನು ಮರೆಯುವ ಸ್ಥಿತಿಯಲ್ಲಿ ಯಾವ ಸರಕಾರವೂ ಇರಲಾರದು; ಅದೂ ಅರಸ ತಾನೇ ಡಿಸೆಂಬರ್ 12ರಂದು ದಿಲ್ಲಿಯಲ್ಲಿ ದರ್ಬಾರು ನಡೆಸಿದ ವರ್ಷದಲ್ಲಿ. ಕಲ್ಕತ್ತ ಮತ್ತು ಮುಂಬಯಿಗಳಲ್ಲಿ ಒಟ್ಟು ಸುಮಾರು 94 ಲಕ್ಷ ನಾಣ್ಯಗಳು ಅಚ್ಚಾಗಿದ್ದವು, ಅವುಗಳಲ್ಲಿ ಸುಮಾರು 7 ಲಕ್ಷ ಮಾತ್ರ ಜನರ ಕೈಸೇರಿದ್ದವು. ಉಳಿದವನ್ನೂ ಹಿಂತೆಗೆದುಕೊಂಡವುಗಳಲ್ಲಿ ಬಹಳಷ್ಟನ್ನೂ ಕರಗಿಸಲಾಯಿತು. 1912ರ ಅಚ್ಚಿನಲ್ಲಿ ಆನೆಗೆ ಎದ್ದು ಕಾಣುವ ಕಿವಿ, ದಪ್ಪ ಕಾಲು, ಉದ್ದ ಬಾಲ ಬಂದವು. ನನ್ನ ಪ್ರತಿಯಲ್ಲಿ ಕಿವಿಯ ಅಂಚು ಭೂತಗನ್ನಡಿಯಿಲ್ಲದೆಯೂ ಸಿಗುತ್ತದೆ.

ಈ ಪ್ರಸಂಗವನ್ನು ಶಿಲ್ಪಿಯ ಅಜ್ಞಾನವೆಂದು ತಳ್ಳಿಹಾಕುವುದು ಸುಲಭ. ನನ್ನ ದೃಷ್ಟಿಯಲ್ಲಿ ತಪ್ಪು ಇರುವುದು ಅಳತೆಯಲ್ಲಿ. ಅಂಗೈಯಗಲದ ಪದಕದ ಮೇಲೆ ಆ ಹಾರವನ್ನು ಕೆತ್ತಿದ್ದರೆ ಆನೆ ಆನೆಯಾಗಿಯೇ ಉಳಿಯುತ್ತಿತ್ತು. ನಾಣ್ಯದ ಗಾತ್ರಕ್ಕೆ ಇಳಿಸಿದಾಗ ಸೊಂಡಿಲಿನಂಥ ತೆಳುವಾದ ಭಾಗವೇ ಮೊದಲು ಮಾಯವಾಗುತ್ತದೆ, ಮತ್ತು ಸೊಂಡಿಲು ಹೋದ ಆನೆಯಲ್ಲಿ ಉಳಿಯುವುದು ಗುಂಡಗಿನ ಮೈಯೂ ನಾಲ್ಕು ಗಿಡ್ಡ ಕಾಲುಗಳೂ. ಅರಸನ ವೈಭವಕ್ಕೆ ಒಂದೇ ಒಂದು ಒಡವೆಯನ್ನೂ ಬಿಟ್ಟುಕೊಡಲಾರದ ವಿನ್ಯಾಸ, ಆ ಒಡವೆಯಿಂದಲೇ ಪೆಟ್ಟು ತಿಂದಿತು.

ಕನ್ನಡ ನಾಡಿನ ನಾಣ್ಯಗಳನ್ನು ಬಲ್ಲವರಿಗೆ ಇಲ್ಲೊಂದು ಹೋಲಿಕೆ ತಾನಾಗಿ ಎದುರಾಗುತ್ತದೆ. ಆನೆಯನ್ನು ನಾಣ್ಯದ ಮೇಲೆ ನಿಲ್ಲಿಸುವ ವಿದ್ಯೆ ನಮ್ಮಲ್ಲಿ ಹಳೆಯದು. ಗಂಗರ ಕಾಲದ ಗಜಪತಿ ವರಾಹ ಎಂಬ ಚಿನ್ನದ ನಾಣ್ಯಗಳ ಮೇಲೆ ಸಿಂಗರಿಸಿದ ಆನೆ ಇದೆ. ಅದರ ಗಾತ್ರ ಈ ರೂಪಾಯಿಯ ಅರ್ಧವೂ ಇಲ್ಲ, ಆದರೂ ಅದು ಆನೆಯೇ ಎಂಬುದರಲ್ಲಿ ಯಾರಿಗೂ ಅನುಮಾನ ಬರುವುದಿಲ್ಲ. ಹೈದರಾಲಿ ತನ್ನ ಕೊನೆಯ ವರ್ಷಗಳಲ್ಲಿ ಆರಂಭಿಸಿದ ಆನೆಯ ತಾಮ್ರದ ಪೈಸೆಯನ್ನು ಟಿಪ್ಪು ಸುಲ್ತಾನ್, ಪಟ್ಟಣ (ಶ್ರೀರಂಗಪಟ್ಟಣ), ನಗರ (ಬಿದನೂರು) ಮೊದಲಾದ ಹಲವು ಟಂಕಸಾಲೆಗಳಲ್ಲಿ ಅಚ್ಚು ಹಾಕಿಸಿದ; ಅವನ ಎರಡು ಪೈಸೆಯ ನಾಣ್ಯದಲ್ಲಿ ಆನೆಯ ಜೊತೆಗೆ ಬಾವುಟವೂ ಇದೆ. ಮೈಸೂರಿನ ಮುಮ್ಮಡಿ ಕೃಷ್ಣರಾಜ ಒಡೆಯರ ತಾಮ್ರದ ಕಾಸುಗಳೂ ಆನೆಯನ್ನು ಉಳಿಸಿಕೊಂಡವು. ಘಟ್ಟದ ಮೇಲಿನಿಂದ ಮೆಣಸು, ಅಡಿಕೆಗಳ ಜೊತೆ ಇಳಿದು ಬಂದ ಇಂಥ ಕಾಸುಗಳು ಕರಾವಳಿಯ ಹಳೆಯ ಮನೆಗಳ ಪೆಟ್ಟಿಗೆಗಳಲ್ಲಿ ಈಗಲೂ ಸಿಗುತ್ತವೆ. ಅವುಗಳ ಕೆತ್ತನೆ ಒರಟು, ಮೆಕೆನಾಲನ ನಯದ ಮುಂದೆ ಏನೂ ಅಲ್ಲ. ಆದರೆ ಅಲ್ಲಿ ನಾಣ್ಯದ ಇಡೀ ಮುಖ ಆನೆಯದು, ರಾಜ್ಯದ ಬಲವೆಲ್ಲ ಅದರ ಮೈಯಲ್ಲಿದೆ. ಇಲ್ಲಿ ಆನೆ ಒಬ್ಬ ಮನುಷ್ಯನ ಎದೆಯ ಮೇಲೆ ತೂಗುವ ಆಭರಣದ ಒಂದು ಕೊಂಡಿ. ಎರಡನ್ನೂ ಪಕ್ಕಪಕ್ಕದಲ್ಲಿಟ್ಟು ನೋಡಿದರೆ ಸಾಮ್ರಾಜ್ಯ ಎಂದರೆ ಏನೆಂಬುದು ಯಾವ ವ್ಯಾಖ್ಯಾನವಿಲ್ಲದೆ ತಿಳಿಯುತ್ತದೆ. ಟಿಪ್ಪುವಿನ ಸವೆದ ಒಂದು ಪೈಸೆ ಇಂಥ ಅಂಗಡಿಗಳಲ್ಲಿ ಕಡಿಮೆ ಬೆಲೆಗೇ ದೊರೆಯುವುದರಿಂದ, ರೂಪಾಯಿ ಕೊಳ್ಳುವವರು ಅದನ್ನೂ ಜೊತೆಗೆ ಕೊಳ್ಳುವುದು ಒಳಿತು.

ತುಳುನಾಡಿನಲ್ಲಿ ಕುಳಿತು ಈ ಹಂದಿಯ ಗಲಾಟೆಯನ್ನು ಓದುವಾಗ ಇನ್ನೊಂದು ಯೋಚನೆಯೂ ಬರುತ್ತದೆ. ಇಲ್ಲಿ ಹಂದಿಯ ಮುಖವನ್ನು ಲೋಹದಲ್ಲಿ ಎರಕ ಹೊಯ್ದು ಭಂಡಾರದಲ್ಲಿಟ್ಟು ಪೂಜಿಸುತ್ತೇವೆ; ಪಂಜುರ್ಲಿ ದೈವದ ಮೊಗವನ್ನು ಕಂಡು ಕೈಮುಗಿಯದವರು ಕಡಿಮೆ. ಚಾಲುಕ್ಯರ ಲಾಂಛನವಾಗಿದ್ದ ವರಾಹ ಅವರ ನಾಣ್ಯಗಳ ಮೇಲೂ ಇತ್ತು. ಆದ್ದರಿಂದ ಹಂದಿಯ ರೂಪ ಎಲ್ಲರಿಗೂ ಒಂದೇ ಬಗೆಯಲ್ಲಿ ಅಪಚಾರವಾಗಿ ಕಂಡಿರಲಾರದು. ಆದರೆ ಒಂದೇ ನಾಣ್ಯ ಪೆಶಾವರದಿಂದ ಮಂಗಳೂರಿನವರೆಗೆ ಎಲ್ಲರ ಕೈಯಲ್ಲೂ ಓಡಾಡಬೇಕಾದಾಗ, ಅದರ ಮೇಲಿನ ಪ್ರತಿಯೊಂದು ಗುರುತೂ ಎಲ್ಲರ ಕಣ್ಣನ್ನೂ ದಾಟಬೇಕಾಗುತ್ತದೆ. ಲಂಡನ್ನಿನಲ್ಲಿ ಒಪ್ಪಿಗೆ ಪಡೆದ ಚಿತ್ರವೊಂದು ಇಲ್ಲಿನ ಸಂತೆಯಲ್ಲಿ ತಿರಸ್ಕೃತವಾಗಿ, ಚಕ್ರವರ್ತಿಯ ಎದೆಯನ್ನೇ ತಿದ್ದಿ ಮತ್ತೆ ಅಚ್ಚು ಹಾಕಬೇಕಾಯಿತು ಎಂಬುದು ಈ ರೂಪಾಯಿಯನ್ನು ನನ್ನ ಮಟ್ಟಿಗೆ ಎಡ್ವರ್ಡನ ರೂಪಾಯಿಗಿಂತ ಹೆಚ್ಚು ಬೆಲೆಯುಳ್ಳದ್ದನ್ನಾಗಿ ಮಾಡಿದೆ.

ಹಿಂಬದಿಯಲ್ಲಿ ಮಧ್ಯದ ವೃತ್ತದೊಳಗೆ ಬೆಲೆ, ದೇಶದ ಹೆಸರು ಮತ್ತು ಇಸವಿ ಇಂಗ್ಲಿಷಿನಲ್ಲಿವೆ, ಬೆಲೆ ಮಾತ್ರ ಪರ್ಶಿಯನ್ ಲಿಪಿಯಲ್ಲೂ ಇದೆ. ಸುತ್ತಲೂ ಹೂಬಳ್ಳಿ. ಆ ಬಳ್ಳಿಯನ್ನು ಬರಿಯ ಅಲಂಕಾರವೆಂದು ದಾಟಿಹೋಗಬಾರದು. ಇಂಗ್ಲೆಂಡಿನ ಗುಲಾಬಿ, ಸ್ಕಾಟ್ಲೆಂಡಿನ ಮುಳ್ಳುಹೂವು ಥಿಸಲ್, ಐರ್ಲೆಂಡಿನ ಮೂರೆಲೆಯ ಶ್ಯಾಮ್‌ರಾಕ್, ಭಾರತದ ತಾವರೆ ಇವು ಒಂದೇ ಮಾಲೆಯಲ್ಲಿ ಹೆಣೆದುಕೊಂಡಿವೆ. ನಾಲ್ಕು ದೇಶಗಳು ಸಮಾನವಾಗಿ ಕೈಹಿಡಿದಿವೆ ಎಂಬ ಸೋಗು. ತಾವರೆಗೆ ಸಿಕ್ಕಿರುವುದು ಮಾಲೆಯ ತಳದ ಜಾಗ. ಅದರ ಕೆಳಗಿನ ಸಣ್ಣ ಖಾಲಿ ಜಾಗದಲ್ಲಿ ಒಂದು ಚುಕ್ಕೆ ಇದ್ದರೆ ನಾಣ್ಯ ಮುಂಬಯಿಯದು, ಇಲ್ಲದಿದ್ದರೆ ಕಲ್ಕತ್ತದ್ದು. ಅಂಗಡಿಯಲ್ಲಿ ಭೂತಗನ್ನಡಿ ಕೊಟ್ಟಾಗ ಮೊದಲು ನೋಡಬೇಕಾದ ಜಾಗ ಇದೇ, ಏಕೆಂದರೆ ಕೆಲವು ಇಸವಿಗಳಲ್ಲಿ ಎರಡು ಟಂಕಸಾಲೆಗಳ ನಾಣ್ಯಗಳ ಬೆಲೆಯಲ್ಲಿ ಅಂತರವಿದೆ. ಕಲೆಯ ದೃಷ್ಟಿಯಿಂದ ಹಿಂಬದಿ ಸಪ್ಪೆ. ಅಕ್ಷರಗಳಿಗೆ ಮೆಕೆನಾಲನ ಎದೆಚಿತ್ರದ ಜೀವವಿಲ್ಲ, ಹೂಗಳು ಒಂದಕ್ಕೊಂದು ಒತ್ತಿಕೊಂಡು ಯಾವುದು ಯಾವ ಹೂವೆಂದು ಗುರುತಿಸಲು ಹುಡುಕಬೇಕಾಗುತ್ತದೆ.

ಪರ್ಶಿಯನ್ ಸಾಲಿಗೆ ಮಾತ್ರ ಇತಿಹಾಸದ ತೂಕವಿದೆ. 1835ರವರೆಗೆ ಕಂಪನಿಯ ಟಂಕಸಾಲೆಗಳು ಮೊಗಲ್ ಬಾದಶಹರ ಹೆಸರಿನಲ್ಲೇ ರೂಪಾಯಿ ಅಚ್ಚು ಹಾಕುತ್ತಿದ್ದವು, ಏಕೆಂದರೆ ಜನ ನಂಬುತ್ತಿದ್ದದ್ದು ಆ ಹೆಸರನ್ನು. 1835ರಲ್ಲಿ ನಾಲ್ಕನೆಯ ವಿಲಿಯಮ್ಮನ ಮುಖ ಬಂದು ಬಾದಶಹರ ಹೆಸರು ಹೋಯಿತು, ಬೆಲೆ ಸೂಚಿಸುವ ಈ ಒಂದು ಸಾಲು ಉಳಿಯಿತು. ಬೆಳ್ಳಿ ರೂಪಾಯಿಯ ಮೇಲೆ ಕನ್ನಡವಾಗಲಿ ತೆಲುಗು, ತಮಿಳುಗಳಾಗಲಿ ಇಲ್ಲ. ಬಂದರಿನ ಕೂಲಿಯಾಳಿಗೂ ಬ್ರಹ್ಮಾವರದ ಒಕ್ಕಲಿಗನಿಗೂ ಅದರ ಮೇಲೆ ಓದಲು ಏನೂ ಇರಲಿಲ್ಲ, ಗಾತ್ರ, ಸದ್ದು ಮತ್ತು ತೂಕಗಳಿಂದಲೇ ಅದನ್ನು ಗುರುತಿಸಬೇಕಾಗಿತ್ತು. 1907ರಿಂದ ಬಂದ, ಅಂಚು ಅಲೆಯಲೆಯಾಗಿರುವ ನಿಕ್ಕಲ್ ಬೆರಕೆಯ ಒಂದಾಣೆಯ ಮೇಲೆ ಇಂಗ್ಲಿಷಿನ ಜೊತೆಗೆ ಪರ್ಶಿಯನ್, ನಾಗರಿ, ಬಂಗಾಳಿ, ತೆಲುಗು ಲಿಪಿಗಳಿವೆ. ಅಲ್ಲಿನ ತೆಲುಗಿನ ಸಾಲನ್ನು ಕನ್ನಡ ಬಲ್ಲವರು ಸ್ವಲ್ಪ ಸಾವಧಾನದಿಂದ ಓದಿಬಿಡಬಹುದು. ದಕ್ಷಿಣ ಕನ್ನಡದ ಪಾಲಿಗೆ ಸಾಮ್ರಾಜ್ಯದ ನಾಣ್ಯ ತೋರಿದ ದಾಕ್ಷಿಣ್ಯ ಅಷ್ಟು, ಅದೂ ಚಿಲ್ಲರೆಯಲ್ಲಿ.

ಯಾವ ಇಸವಿಯನ್ನು ಕೊಳ್ಳಬೇಕು? ವಿನ್ಯಾಸಕ್ಕಾಗಿ ಕೊಳ್ಳುವವರಿಗೆ 1912ರಿಂದ ಮುಂದಿನ ಎಲ್ಲವೂ ಒಂದೇ. 1918ರಲ್ಲಿ ಒಂದೊಂದು ಟಂಕಸಾಲೆಯಲ್ಲೂ 20 ಕೋಟಿಗೂ ಹೆಚ್ಚು ರೂಪಾಯಿಗಳು ಅಚ್ಚಾದವು, ಆದ್ದರಿಂದ ಒಳ್ಳೆಯ ಸ್ಥಿತಿಯ ಪ್ರತಿ ಸುಲಭವಾಗಿ ಸಿಗುವುದು ಆ ವರ್ಷದ್ದೇ. ಅದಕ್ಕೆ ತನ್ನದೇ ಒಂದು ಸ್ವಾರಸ್ಯವೂ ಇದೆ. ಮೊದಲ ಮಹಾಯುದ್ಧದಲ್ಲಿ ಭಾರತದಿಂದ ಕೊಂಡ ಸರಕಿಗೆ ಹಣ ತೆರಲು ಬೆಳ್ಳಿ ಸಾಲದಾಗಿ, 1917ರ ನವೆಂಬರ್ 30ರಂದು ಒಂದು ರೂಪಾಯಿಯ ನೋಟನ್ನು ಹೊರಡಿಸಿ ಅದರ ಮೇಲೆ ಇದೇ ಬೆಳ್ಳಿ ನಾಣ್ಯದ ಮುಖವನ್ನು ಮುದ್ರಿಸಿದರು; ಕಾಗದವನ್ನು ನಂಬಿಸಲು ಬೆಳ್ಳಿಯ ಚಿತ್ರ ಬೇಕಾಯಿತು. ಮರುವರ್ಷ ಅಮೆರಿಕ ಕಾಯಿದೆಯೊಂದನ್ನು ಮಾಡಿ ತನ್ನ ಖಜಾನೆಯ 25 ಕೋಟಿಗೂ ಹೆಚ್ಚು ಬೆಳ್ಳಿ ಡಾಲರುಗಳನ್ನು ಕರಗಿಸಿ ಆ ಬೆಳ್ಳಿಯನ್ನು ಬ್ರಿಟನ್ನಿಗೆ ಮಾರಿತು. ಅದು ಬಂದು ಸೇರಿದ್ದು ನಮ್ಮ ಟಂಕಸಾಲೆಗಳಿಗೆ. ಆ ಕಾಲದ ರೂಪಾಯಿಯೊಂದನ್ನು ಕೈಯಲ್ಲಿ ಹಿಡಿದಾಗ ಅದರೊಳಗೆ ಅಮೆರಿಕದ ಡಾಲರು ಇರುವ ಸಾಧ್ಯತೆ ಕಡಿಮೆಯೇನಲ್ಲ.

1911ರ ಪ್ರತಿಯನ್ನು ಅಂಗಡಿಯವರು ಬೇರೆ ಡಬ್ಬಿಯಲ್ಲಿ ಇಟ್ಟಿದ್ದರು, ಸಾಮಾನ್ಯ ಪ್ರತಿಯ ಹಲವು ಪಟ್ಟು ಬೆಲೆ ಹೇಳಿದರು. ಅದರಲ್ಲಿ ಎದೆಯ ಭಾಗ ಎಷ್ಟು ಸವೆದಿತ್ತೆಂದರೆ ಆನೆಯೂ ಇಲ್ಲ, ಹಂದಿಯೂ ಇಲ್ಲ, ಒಂದು ಉಬ್ಬು ಮಾತ್ರ. ಆ ಇಸವಿಯ ಮಹತ್ವವೆಲ್ಲ ಆ ಚಿತ್ರದಲ್ಲಿರುವಾಗ, ಅದು ಅಳಿಸಿಹೋದ ನಾಣ್ಯಕ್ಕೆ ಬರಿಯ ಅಂಕೆಗಾಗಿ ದುಡ್ಡು ಸುರಿಯುವುದು ನನಗೆ ಸರಿ ಕಾಣಲಿಲ್ಲ. ಹೆಚ್ಚು ಬೆಲೆ ಬರುವ ಇಸವಿಗಳನ್ನು ತಿದ್ದಿ ಮಾರುವ ಚಾಳಿಯೂ ಇದೆ. 1911 ಎಂದು ಬರೆದಿದ್ದು ಆನೆಗೆ ಸ್ಪಷ್ಟವಾದ ಕಿವಿಯೂ ಉದ್ದ ಬಾಲವೂ ಇದ್ದರೆ ಇಸವಿಯ ಕೊನೆಯ ಅಂಕೆಯನ್ನು ಚೆನ್ನಾಗಿ ಪರೀಕ್ಷಿಸಬೇಕು. ಆರನೆಯ ಜಾರ್ಜನ ರೂಪಾಯಿಯನ್ನು ಇದೇ ಬೆಲೆಗೆ ಕೊಟ್ಟರೆ ಒಪ್ಪಬಾರದು, ಏಕೆಂದರೆ 1940ರಿಂದ ಬೆಳ್ಳಿಯ ಪ್ರಮಾಣ ಅರ್ಧಕ್ಕೆ ಇಳಿಯಿತು, ಹುಲಿಯ ಚಿತ್ರವಿರುವ 1947ರ ರೂಪಾಯಿಯಲ್ಲಿ ಬೆಳ್ಳಿಯೇ ಇಲ್ಲ, ಅದು ನಿಕ್ಕಲ್.

ತಟ್ಟೆಯ ಇನ್ನೊಂದು ಮೂಲೆಯಲ್ಲಿ ರಾಮ, ಸೀತೆ, ಲಕ್ಷ್ಮಣ, ಹನುಮಂತರ ಚಿತ್ರವಿದ್ದು ಹಿಂಬದಿಯಲ್ಲಿ ಈಸ್ಟ್ ಇಂಡಿಯಾ ಕಂಪನಿ, ಅರ್ಧ ಆಣೆ, 1818 ಎಂದು ಬರೆದ ಬಿಲ್ಲೆಗಳಿದ್ದವು. ಅಂಥ ನಾಣ್ಯವನ್ನು ಕಂಪನಿ ಎಂದೂ ಹೊರಡಿಸಿಲ್ಲ. ಅವು ಇತ್ತೀಚಿನ ತಯಾರಿಕೆಗಳು. ಅಕ್ಕಿಯನ್ನು ಸೆಳೆಯುತ್ತವೆ, ಕೋಟಿ ಬೆಲೆ ಬಾಳುತ್ತವೆ ಎಂದು ನಂಬಿಸಿ ರೈಸ್ ಪುಲ್ಲಿಂಗ್ ಹೆಸರಿನಲ್ಲಿ ವಂಚಿಸುವವರ ಸುದ್ದಿ ಪತ್ರಿಕೆಗಳಲ್ಲಿ ಆಗಾಗ ಬರುತ್ತದೆ. ಈ ಅಂಗಡಿಯಲ್ಲಿ ಅವನ್ನು ಪೂಜೆಯ ಬಿಲ್ಲೆ ಎಂದು ಅಗ್ಗದಲ್ಲೇ ಮಾರುತ್ತಿದ್ದರು, ಮೋಸದ ಮಾತಾಡಲಿಲ್ಲ. ಆದರೂ ನಿಜವಾದ ನಾಣ್ಯಗಳ ಜೊತೆ ಒಂದೇ ತಟ್ಟೆಯಲ್ಲಿ ಇಡುವುದು ತಿಳಿಯದ ಗಿರಾಕಿಯ ದಾರಿ ತಪ್ಪಿಸುತ್ತದೆ. ಕಿವಿ ಬೆಸೆದ ರೂಪಾಯಿಗಳು, ಅಂದರೆ ಸರಕ್ಕೆ ಪೋಣಿಸಲು ಕೊಂಡಿ ಹಾಕಿಸಿದವು, ಸಾಕಷ್ಟು ಇದ್ದವು. ಸಂಗ್ರಾಹಕರು ಅವುಗಳನ್ನು ಹಾಳಾದವೆಂದು ಬದಿಗಿಡುತ್ತಾರೆ. ಅರಸ ಭಾರತವನ್ನು ಹಾರ ಮಾಡಿ ತೊಟ್ಟ ನಾಣ್ಯವನ್ನೇ ಇಲ್ಲಿನ ಹೆಂಗಸರು ಹಾರ ಮಾಡಿ ತೊಟ್ಟರು ಎಂಬ ಕಾರಣಕ್ಕೆ ನನಗೆ ಅವು ಇಷ್ಟ, ಬೆಲೆಯೂ ಬೆಳ್ಳಿಯದಷ್ಟೇ.

ಕೊಳ್ಳುವ ಮೊದಲು ಕಣ್ಣನ್ನು ಪಳಗಿಸಿಕೊಳ್ಳಲು ಕರಾವಳಿಯ ಜಿಲ್ಲೆಗಳಲ್ಲೇ ಅವಕಾಶವಿದೆ. ಮಂಗಳೂರಿನ ಸಂತ ಅಲೋಶಿಯಸ್ ಕಾಲೇಜಿನ 1913ರಷ್ಟು ಹಳೆಯ ಅಲೋಶಿಯಂ ಸಂಗ್ರಹಾಲಯದಲ್ಲಿ ನಾಣ್ಯಗಳಿವೆ. ಉಡುಪಿಯಲ್ಲಿ ಹಾಜಿ ಅಬ್ದುಲ್ಲಾ ಸಾಹೇಬರ ಮನೆಯಲ್ಲಿ ಹಿಂದಿನ ಕಾರ್ಪೊರೇಷನ್ ಬ್ಯಾಂಕ್ ರೂಪಿಸಿದ ಪರಂಪರೆಯ ಸಂಗ್ರಹಾಲಯದ ಮುಖ್ಯ ಆಕರ್ಷಣೆಯೇ ನಾಣ್ಯಗಳು. 1906ರಲ್ಲಿ ಅವರು ಆ ಬ್ಯಾಂಕನ್ನು ಆರಂಭಿಸಿದ ದಿನದ ಕೊನೆಗೆ ಲೆಕ್ಕಕ್ಕೆ ಸಿಕ್ಕದ್ದು 38 ರೂಪಾಯಿ 13 ಆಣೆ 2 ಪೈ. ಆಗ ಚಲಾವಣೆಯಲ್ಲಿದ್ದದ್ದು ಎಡ್ವರ್ಡನ ಬರಿ ತಲೆಯ ರೂಪಾಯಿ, ಅದರ ಜೊತೆ ವಿಕ್ಟೋರಿಯಾಳ ಹಳೆಯ ರೂಪಾಯಿಗಳು.

ಮನೆಗೆ ತಂದ ಮೇಲೆ ನಮ್ಮ ಕಡಲತಡಿಯ ಹವೆಯೇ ದೊಡ್ಡ ಶತ್ರು. ಅಂಗಡಿಯವರು ಕೊಡುವ ಮೆತ್ತನೆಯ ಪ್ಲಾಸ್ಟಿಕ್ ಚೀಲವನ್ನು ಆ ದಿನವೇ ಎಸೆಯಬೇಕು. ಅದರಲ್ಲಿ ಮಳೆಗಾಲ ಕಳೆದರೆ ನಾಣ್ಯದ ಮೇಲೆ ಹಸಿರು ಅಂಟು ಕೂರುತ್ತದೆ. ಗಟ್ಟಿ ಪ್ಲಾಸ್ಟಿಕ್ಕಿನ ಗುಂಡು ಡಬ್ಬಿ, ಜೊತೆಗೆ ತೇವ ಹೀರುವ ಸಿಲಿಕಾ ಪೊಟ್ಟಣ ಸಾಕು. ಅಂಚಿನಲ್ಲಿ ಮಾತ್ರ ಹಿಡಿಯಬೇಕು. ಕೊಲ್ಲಿ ದೇಶಗಳಲ್ಲಿರುವ ಬಂಧುಗಳಿಗೆ ಉಡುಗೊರೆಯಾಗಿ ಒಯ್ಯುವ ಯೋಚನೆಯಿದ್ದರೆ ಅದನ್ನು ಬಿಡಬೇಕು, ಏಕೆಂದರೆ ನೂರು ವರ್ಷ ತುಂಬಿದ ನಾಣ್ಯ 1972ರ ಪುರಾತನ ವಸ್ತುಗಳ ಕಾಯಿದೆಯ ವ್ಯಾಪ್ತಿಗೆ ಬರುತ್ತದೆ, ಖಾಸಗಿಯವರು ಅದನ್ನು ದೇಶದ ಹೊರಗೆ ಒಯ್ಯುವಂತಿಲ್ಲ. ಅದೇ ಕಾಯಿದೆಯಂತೆ ಇವುಗಳ ವ್ಯಾಪಾರಕ್ಕೂ ಪರವಾನಗಿ ಬೇಕು. ರಸೀದಿಯ ಮೇಲೆ ಇಸವಿ, ಟಂಕಸಾಲೆ ಮತ್ತು ತೂಕವನ್ನು ಬರೆಸಿಕೊಳ್ಳುವುದು ಕೊಳ್ಳುವವರ ಹಕ್ಕು. ಈ ಅಂಗಡಿಯವರು ಕೇಳಿದ ಮೇಲೆ ಬರೆದುಕೊಟ್ಟರು.